ಅಪ್ಪನ ಹೋಟೆಲು, ಮಗನ ಸಿನಿಮಾ

ಪುತ್ತೂರು, ಸುಳ್ಯ, ಕಡಬದ ಕಡೆ ಹೋಗಿ ಯಾವುದೇ ಊರಲ್ಲಿ ಹತ್ತು ಮನೆ ಎಣಿಸಿ ನೋಡಿ. ಒಂದೆರಡು ಮನೆಯಲ್ಲಾದರೂ ಮುಂಬೈ ಕಂಡವರು ಸಿಗ್ತಾರೆ. ಚಿಕ್ಕಪ್ಪನೋ, ಭಾವನೋ, ಅಜ್ಜನ ತಮ್ಮನೋ, ಯಾರೋ ಒಬ್ಬರು ಹೋಟೆಲ್ ಕೆಲಸಕ್ಕೆ ಅಂತ ಹೋಗಿರ್ತಾರೆ. ಅಲ್ಲಿಂದ ಬಂದ ಮನಿಯಾರ್ಡರಿನಲ್ಲಿ ಇಲ್ಲಿ ಹಂಚಿನ ಮನೆ ಎದ್ದಿದೆ, ತೋಟ ವಿಸ್ತಾರವಾಗಿದೆ, ತಂಗಿಯ ಮದುವೆ ಆಗಿದೆ.

ಈಗ ಕಾಲ ಬದಲಾಗಿದೆ. ಕರಾವಳಿಯ ಹುಡುಗರ ಸಿನಿಮಾಗಳನ್ನ ಇಡೀ ದೇಶ ನೋಡ್ತಾ ಇದೆ. ಹಾಗಾಗಿ ಅಡಿಕೆಗೆ ಒಳ್ಳೆ ರೇಟು ಕಂಡ ಮನೆಯ ಹುಡುಗನಿಗೂ ಹೀರೋ ಆಗುವ ಆಸೆ ಹುಟ್ಟಿದೆ. ಅಪ್ಪನ ಎದೆಯಲ್ಲಿ ಡವಡವ. ‘ದುಡ್ಡಿದ್ರೆ ಹೀರೋ ಆಗಬಹುದಾ ಸಾರ್?’ ಅನ್ನೋದು ಇವತ್ತಿನ ಪ್ರಶ್ನೆ. ಇದಕ್ಕೆ ಸಿದ್ಧಾಂತದ ಉತ್ತರ ಬೇಡ. ನಮ್ಮದೇ ಜಿಲ್ಲೆಯ ಒಂದು ಕುಟುಂಬದ ಲೆಕ್ಕದ ಪುಸ್ತಕ ತೆರೆದು ನೋಡೋಣ.

ಪುತ್ತೂರಿನಿಂದ ಮಂಗಳೂರಿಗೆ ಇಳಿದು, ಉಡುಪಿ ಕಡೆ ತಿರುಗಿದರೆ ದಾರಿಯಲ್ಲಿ ಮೂಲ್ಕಿ ಸಿಗುತ್ತೆ. ಅಲ್ಲಿಂದ ವೀರಪ್ಪ ಶೆಟ್ಟಿ ಅನ್ನೋ ಹುಡುಗ ಮನೆ ಬಿಟ್ಟು ಮುಂಬೈಗೆ ಓಡಿಹೋದ. ವಯಸ್ಸು ಎಷ್ಟು? 9 ವರ್ಷ. ಸೇರಿಕೊಂಡಿದ್ದು ಒಂದು ದಕ್ಷಿಣ ಭಾರತೀಯ ಹೋಟೆಲ್. ಕೆಲಸ ಟೇಬಲ್ ಒರೆಸೋದು. ಹುಡುಗ ಎಷ್ಟು ಚಿಕ್ಕವನು ಅಂದ್ರೆ, ಒಂದೇ ಕಡೆ ನಿಂತರೆ ಟೇಬಲಿನ ಇನ್ನೊಂದು ತುದಿಗೆ ಕೈ ಎಟುಕುತ್ತಿರಲಿಲ್ಲ. ನಾಲ್ಕೂ ಬದಿಗೆ ಸುತ್ತಿ ಬಂದು ಒರೆಸಬೇಕಿತ್ತು. ರಾತ್ರಿ ಮಲಗೋದು ಅಕ್ಕಿ ಮೂಟೆಯ ಮೇಲೆ. ಇದನ್ನೆಲ್ಲ ಹೇಳಿಕೊಂಡಿರೋದು ಅವರ ಮಗ. ಆ ಮಗನ ಹೆಸರು ಸುನೀಲ್ ಶೆಟ್ಟಿ.

ಟೇಬಲ್ ಒರೆಸಿದ ಹುಡುಗ ಮುಂದೆ ಮ್ಯಾನೇಜರ್ ಆದ. ಮೂರು ಕಟ್ಟಡಗಳ ವ್ಯವಹಾರ ನೋಡಿಕೊಂಡ. ಮಾಲೀಕರು ನಿವೃತ್ತಿಯಾದಾಗ ಆ ಮೂರನ್ನೂ ತಾನೇ ಕೊಂಡ. ಹೇಳುವಾಗ ಇದು ಮೂರೇ ಮೂರು ವಾಕ್ಯ. ಬದುಕುವಾಗ ಎಷ್ಟು ವರ್ಷ, ಎಷ್ಟು ಬೆಳಗಿನ ಜಾವ, ನೀವೇ ಊಹಿಸಿಕೊಳ್ಳಿ. ಒಂದು ಕಾಲದಲ್ಲಿ ಬಂಟರ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಹರಿಯುತ್ತಿತ್ತು, ಅಳಿಯಕಟ್ಟು ಅಂತೀವಲ್ಲ, ಅದು. ಇಲ್ಲಿ ಹಾಗಲ್ಲ. ಇದು ಊರಿನ ಗದ್ದೆಯೂ ಅಲ್ಲ, ಗುತ್ತಿನ ಮನೆಯೂ ಅಲ್ಲ. ಒಬ್ಬ ಮನುಷ್ಯ ಬರಿಗೈಯಲ್ಲಿ ಕಟ್ಟಿದ ಸ್ವಯಾರ್ಜಿತ.

ಸುನೀಲ್ ಶೆಟ್ಟಿ ಹುಟ್ಟಿದ್ದು 1961ರ ಆಗಸ್ಟ್ 11ರಂದು, ಮೂಲ್ಕಿಯಲ್ಲಿ. ಸಿನಿಮಾಕ್ಕೆ ಬರುವ ಹೊತ್ತಿಗೆ ವಯಸ್ಸು 30 ದಾಟಿತ್ತು. ಇದನ್ನ ಗಮನಿಸಿ. 20ಕ್ಕೇ ಹೀರೋ ಆಗ್ತೀನಿ ಅಂತ ಮನೆಯಲ್ಲಿ ಗಲಾಟೆ ಮಾಡಿದ ಹುಡುಗ ಅಲ್ಲ ಇವರು. ಹೋಟೆಲ್ ವ್ಯವಹಾರ ಗೊತ್ತಿತ್ತು, ಮದುವೆಯೂ ಆಗಿತ್ತು. 1992ರಲ್ಲಿ ‘ಬಲವಾನ್’ ಬಂತು. ಜೋಡಿಯಾಗಿ ದಿವ್ಯಾ ಭಾರತಿ. ಎರಡು ವರ್ಷ ಕಳೆದು 1994ಕ್ಕೆ ಬನ್ನಿ. ‘ದಿಲ್‌ವಾಲೆ’, ‘ಅಂತ್’, ‘ಮೊಹ್ರಾ’, ‘ಗೋಪಿ ಕಿಶನ್’, ಎಲ್ಲವೂ ಒಂದೇ ವರ್ಷದಲ್ಲಿ! ‘ಮೊಹ್ರಾ’ ಆ ವರ್ಷದ ದೊಡ್ಡ ಗೆಲುವುಗಳಲ್ಲಿ ಒಂದು. 1997ರಲ್ಲಿ ‘ಬಾರ್ಡರ್’.

ಹಾಗಂತ ಎಲ್ಲವೂ ಗೆದ್ದಿತಾ? ಇಲ್ಲ. ಸಾಲು ಸಾಲು ಸೋಲುಗಳಿವೆ. ಇವನಿಗೆ ನಟನೆ ಬರಲ್ಲ, ಡ್ಯಾನ್ಸ್ ಬರಲ್ಲ, ಮರದ ಕೊರಡಿನ ಥರ ನಿಲ್ತಾನೆ ಅಂದರು. ಒಬ್ಬ ವಿಮರ್ಶಕರಂತೂ, ಹೋಗಿ ಹೋಟೆಲ್‌ನಲ್ಲಿ ಇಡ್ಲಿ ವಡೆ ಮಾರಪ್ಪ ಅಂತ ಬರೆದರಂತೆ. ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಳ್ತಿದ್ದರು. ಈ ಮನುಷ್ಯ ಅದನ್ನ ಅವಮಾನ ಅಂತಾನೇ ತಗೊಳ್ಳಲಿಲ್ಲ. ಇಡ್ಲಿ ವಡೆ ಮಾರಿಯೇ ನಮ್ಮ ಅಕ್ಕ ತಂಗಿಯರು ಓದಿದ್ದು, ನಾನು ಓದಿದ್ದು ಅನ್ನೋ ಅರ್ಥದಲ್ಲಿ ಎಷ್ಟೋ ಸಂದರ್ಶನಗಳಲ್ಲಿ ತಾವೇ ಆ ಕಥೆ ಹೇಳಿ ನಕ್ಕಿದ್ದಾರೆ. ಆ ವಿಮರ್ಶಕರಿಗೆ ಬಹುಶಃ ಗೊತ್ತಿರಲಿಲ್ಲ, ತಾನು ಬೈತಾ ಇರೋದು ಆ ಮನೆಯ ಅತ್ಯಂತ ಗಟ್ಟಿಯಾದ ಕಂಬವನ್ನ ಅಂತ.

ಇಲ್ಲೇ ಇರೋದು ನೋಡಿ ವಿಷಯ. ಸಿನಿಮಾ ಹೀರೋನ ಸಂಪಾದನೆ ಶುಕ್ರವಾರದಿಂದ ಶುಕ್ರವಾರಕ್ಕೆ ಬದಲಾಗುತ್ತೆ. ಎರಡು ಚಿತ್ರ ಬಿದ್ದರೆ ಮೂರನೇ ನಿರ್ಮಾಪಕ ಫೋನ್ ಎತ್ತಲ್ಲ. ಬಡ ಮನೆಯ ಹುಡುಗನಾದರೆ ಅಲ್ಲಿಗೆ ಕಥೆ ಮುಗೀತು. ಬಾಡಿಗೆ ಕಟ್ಟಬೇಕು, ಊರಿಗೆ ದುಡ್ಡು ಕಳಿಸಬೇಕು, ಸಿಕ್ಕಿದ ಪಾತ್ರ ಒಪ್ಪಿಕೊಳ್ಳಬೇಕು, ಇಲ್ಲಾ ಬಸ್ಸು ಹತ್ತಬೇಕು. ಹೋಟೆಲ್ ಗಲ್ಲಾಪೆಟ್ಟಿಗೆ ಹಾಗಲ್ಲ. ದಿನಾ ಬೆಳಗ್ಗೆ ತೆರೆಯುತ್ತೆ. ಹಾಗಾದರೆ ಅಪ್ಪನ ದುಡ್ಡು ಮಗನಿಗೆ ಏನು ಕೊಡ್ತು? ಯಶಸ್ಸು ಕೊಡಲಿಲ್ಲ. ಪ್ರೇಕ್ಷಕ ಅಪ್ಪನ ಬ್ಯಾಂಕ್ ಪಾಸ್‌ಬುಕ್ ನೋಡಿ ಟಿಕೆಟ್ ತಗೊಳ್ಳಲ್ಲ. ಅದು ಕೊಟ್ಟಿದ್ದು ಸಮಯವನ್ನ, ಸೋತು ಮತ್ತೆ ನಿಲ್ಲುವಷ್ಟು ಸಮಯವನ್ನ. ಈ ಅನುಕೂಲ ಸಣ್ಣದು ಅಂತ ಯಾರೂ ಹೇಳಬೇಡಿ. ಇವರಷ್ಟೇ, ಬಹುಶಃ ಇವರಿಗಿಂತ ಹೆಚ್ಚು ಪ್ರತಿಭೆ ಇದ್ದ ಎಷ್ಟು ಹುಡುಗರು ಬಾಡಿಗೆ ಕಟ್ಟೋಕಾಗದೆ ವಾಪಸ್ ಬಂದಿರಬಹುದು, ಯೋಚನೆ ಮಾಡಿ.

ಆ ಸಮಯದ ಫಲ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಮೊದಲು ‘ಹೇರಾ ಫೇರಿ’. ಮಲಯಾಳಂನ ‘ರಾಮ್‌ಜಿ ರಾವ್ ಸ್ಪೀಕಿಂಗ್’ ಚಿತ್ರದ ರಿಮೇಕ್ ಅದು. ಸುನೀಲ್ ಮಾಡಿದ್ದು ಶ್ಯಾಮ್ ಪಾತ್ರ. ಸತ್ತುಹೋದ ಅಪ್ಪನ ಜಾಗದಲ್ಲಿ ಬ್ಯಾಂಕ್ ಕೆಲಸ ಸಿಗುತ್ತಾ ಅಂತ ಅಲೆಯುವ ನಿರುದ್ಯೋಗಿ! ಅದೇ ವರ್ಷ ‘ಧಡ್ಕನ್’ ಬಂತು. ಬಡವ ಅನ್ನೋ ಕಾರಣಕ್ಕೆ ಹುಡುಗಿಯ ಅಪ್ಪನಿಂದ ತಿರಸ್ಕಾರಕ್ಕೆ ಒಳಗಾಗಿ, ಶ್ರೀಮಂತನಾಗಿ ವಾಪಸ್ ಬರುವ ದೇವ್ ಪಾತ್ರ. ಆ ಪಾತ್ರಕ್ಕೆ ಫಿಲ್ಮ್‌ಫೇರ್‌ನ ಖಳನಟ ಪ್ರಶಸ್ತಿ ಬಂತು. ಶ್ರೀಮಂತರ ಮಗನಿಗೆ ಜನ ಹೆಚ್ಚು ಮೆಚ್ಚಿದ ಎರಡು ಪಾತ್ರಗಳೂ ದುಡ್ಡಿಲ್ಲದ ಹುಡುಗರದ್ದು. ಆ ಎರಡನ್ನೂ ನೋಡುವಾಗ ನನಗೆ ಟೇಬಲ್ ಸುತ್ತ ಓಡಾಡುವ ಆ 9 ವರ್ಷದ ಹುಡುಗನೇ ನೆನಪಾಗ್ತಾನೆ.

ವ್ಯವಹಾರವನ್ನ ಮಾತ್ರ ಇವರು ಎಂದೂ ಬಿಡಲಿಲ್ಲ. ರೆಸ್ಟೋರೆಂಟು, ಬಟ್ಟೆ ಅಂಗಡಿ, ಪಾಪ್‌ಕಾರ್ನ್ ಅನ್ನೋ ಹೆಸರಿನಲ್ಲಿ ಚಿತ್ರ ನಿರ್ಮಾಣ, ಪತ್ನಿ ಮಾನಾ ಅವರ ಜೊತೆ ಮನೆ ಅಲಂಕಾರದ ವ್ಯಾಪಾರ, ಆಮೇಲೆ ಫಿಟ್‌ನೆಸ್ ಸ್ಟಾರ್ಟಪ್‌ನಲ್ಲಿ ಹೂಡಿಕೆ. ಒಂದು ಬಿದ್ದರೆ ಇನ್ನೊಂದು. ತಂದೆ ಹಾಸಿಗೆ ಹಿಡಿದಾಗ ಸಿನಿಮಾವನ್ನ ಪಕ್ಕಕ್ಕಿಟ್ಟು ಅವರ ಜೊತೆ ನಿಂತರು. ವೀರಪ್ಪ ಶೆಟ್ಟರು 2017ರ ಮಾರ್ಚ್ 1ರಂದು ತೀರಿಕೊಂಡರು. ಶುಕ್ರವಾರದ ಕಲೆಕ್ಷನ್ ನಂಬಿ ಬದುಕುವವನಿಗೆ ಅಪ್ಪನ ಪಕ್ಕದಲ್ಲಿ ಕೂರೋದಕ್ಕೂ ಪುರುಸೊತ್ತು ಸಿಗಲ್ಲ.

ಇನ್ನೊಂದು ಪ್ರಸಂಗ ಹೇಳಲೇಬೇಕು. 1996ರ ಫೆಬ್ರವರಿಯಲ್ಲಿ ಮುಂಬೈ ಪೊಲೀಸರು ಕಾಮಾಟಿಪುರದಲ್ಲಿ ದಾಳಿ ಮಾಡಿ ನೂರಾರು ಹೆಣ್ಣುಮಕ್ಕಳನ್ನ ಬಿಡಿಸಿದರು. ಅವರಲ್ಲಿ 128 ಜನ ನೇಪಾಳದವರು. ಪೌರತ್ವದ ಕಾಗದ ಇಲ್ಲ ಅಂತ ಅವರದೇ ದೇಶ ವಾಪಸ್ ಕರೆಸಿಕೊಳ್ಳೋಕೆ ಹಿಂದೇಟು ಹಾಕಿತು. ಆಗ ಅವರಿಗೆ ವಿಮಾನದ ಟಿಕೆಟ್ ಕೊಡಿಸಿದ್ದು ಸುನೀಲ್ ಶೆಟ್ಟಿ. ಬಿಡುಗಡೆಯಾದ ಹೆಣ್ಣುಮಗಳೊಬ್ಬರು ಎಷ್ಟೋ ವರ್ಷಗಳ ನಂತರ ಬಾಯಿಬಿಟ್ಟು ಹೇಳಿದ ಮೇಲೇ ಇದು ಜನರಿಗೆ ಗೊತ್ತಾಗಿದ್ದು. ಇದರ ಶ್ರೇಯಸ್ಸು ತಮ್ಮ ಅತ್ತೆ ವಿಪುಲಾ ಕಾದ್ರಿ ಅವರಿಗೂ ಪೊಲೀಸರಿಗೂ ಸೇರಬೇಕು ಅಂದರು ಸುನೀಲ್. ಹಾಗೆ ಊರಿಗೆ ಮರಳಿದ ಕೆಲವು ಹೆಣ್ಣುಮಕ್ಕಳು ಸೇರಿ ಕಟ್ಟಿದ ‘ಶಕ್ತಿ ಸಮೂಹ’ ಸಂಸ್ಥೆಗೆ 2013ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಜಿಮ್‌ನಲ್ಲಿ ತೆಗೆಸಿಕೊಂಡ ಫೋಟೋ ಹಾಕಿ ದೇಶಕ್ಕೇ ಪ್ರೇರಣೆ ಕೊಡ್ತೀವಿ ಅನ್ನೋ ಇವತ್ತಿನ ಸ್ಟಾರ್‌ಗಳನ್ನ ನೋಡುವಾಗ ಇದು ನೆನಪಿರಲಿ.

ಕನ್ನಡಕ್ಕೆ ಬಂದಿದ್ದು ತಡವಾಗಿ. 2019ರಲ್ಲಿ ಎಸ್. ಕೃಷ್ಣ ನಿರ್ದೇಶನದ ‘ಪೈಲ್ವಾನ್’ ಚಿತ್ರದಲ್ಲಿ, ಸುದೀಪ್ ಪಾತ್ರವನ್ನ ಸಾಕಿ ಬೆಳೆಸುವ ಸರ್ಕಾರ್ ಆಗಿ. ರೂಪೇಶ್ ಶೆಟ್ಟಿಯವರ ‘ಜೈ’ಗಾಗಿ ತುಳುವಿನಲ್ಲೂ ಬಣ್ಣ ಹಚ್ಚಿದರು. ನಮ್ಮ ಕಡೆಯವರಿಗೆ ಅದೊಂದು ಖುಷಿ, ಅಷ್ಟೇ.

ಈಗ ಪುತ್ತೂರಿನ ಆ ಅಪ್ಪನ ಪ್ರಶ್ನೆಗೆ ಬರೋಣ. ಅದಕ್ಕೆ ಈ ಮನೆಯ ಮೂರನೇ ತಲೆಮಾರನ್ನ ನೋಡಬೇಕು. ಮಗಳು ಆಥಿಯಾ 2015ರಲ್ಲಿ ‘ಹೀರೋ’ ಚಿತ್ರದಿಂದ ಬಂದರು. ನಿರ್ಮಾಪಕರು ಸಲ್ಮಾನ್ ಖಾನ್. ಮಗ ಅಹಾನ್ 2021ರಲ್ಲಿ ‘ತಡಪ್’ ಮಾಡಿದರು. ಇವರಿಗೆ ಮೂರು ಕಟ್ಟಡಗಳ ಜೊತೆ ಅಪ್ಪನ ಹೆಸರೂ ಇತ್ತು. ತಾತ ಅಕ್ಕಿ ಮೂಟೆಯ ಮೇಲೆ ಮಲಗಿದ್ದರು, ಅಪ್ಪ ಗಲ್ಲಾಪೆಟ್ಟಿಗೆ ಬೆನ್ನಿಗಿಟ್ಟುಕೊಂಡು ಬಂದರು, ಇವರಿಗೆ ಬಾಗಿಲು ತೆರೆದೇ ಇತ್ತು. ಆದರೂ ಏನಾಯ್ತು? ಅಹಾನ್‌ಗೆ ಎರಡನೇ ಚಿತ್ರ ‘ಬಾರ್ಡರ್ 2’ ತೆರೆಗೆ ಬರೋಕೆ 2026 ಆಗಬೇಕಾಯ್ತು. ಆಥಿಯಾ ಬೆರಳೆಣಿಕೆಯ ಸಿನಿಮಾ ಮಾಡಿ, 2023ರ ಜನವರಿಯಲ್ಲಿ ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಕೆ.ಎಲ್. ರಾಹುಲ್ ಅವರನ್ನ ಮದುವೆಯಾದರು. ಸಿನಿಮಾ ನನಗೆ ಬೇಡ ಅಪ್ಪಾ ಅಂತ ಮಗಳೇ ಹೇಳಿದಳು ಅಂತ ಸುನೀಲ್ ಯಾವ ಮುಚ್ಚುಮರೆಯೂ ಇಲ್ಲದೆ ಹೇಳಿದರು. ಒಪ್ಪಿಸೋಕೆ ಹೋಗಲಿಲ್ಲ.

ಅಂದಹಾಗೆ, ವೀರಪ್ಪ ಶೆಟ್ಟರು ಟೇಬಲ್ ಒರೆಸಿ, ಮ್ಯಾನೇಜರ್ ಆಗಿ, ಕೊನೆಗೆ ಕೊಂಡುಕೊಂಡ ಆ ಮೂರು ಕಟ್ಟಡಗಳು ಈಗಲೂ ತಮ್ಮ ಬಳಿಯೇ ಇವೆ ಅಂತಾರೆ ಸುನೀಲ್ ಶೆಟ್ಟಿ.