ಥಂಡಿಗೆ ಯಾವ ‘ಔಷಧ’?

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ನಮ್ಮ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಘಾಟೂ ಥಂಡಿಯೂ ಜೊತೆಯಾಗಿಯೇ ಮನೆಯೊಳಗೆ ಬರುತ್ತವೆ. ಸೋಮವಾರ, ಗುರುವಾರ ಪೇಟೆಯ ದಿನ. ನಮ್ಮನೆಯವರು ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಆ ಎರಡು ದಿನ ಅವರು ಮನೆಗೆ ಬರುವಾಗ ರಾತ್ರಿ ಒಂಬತ್ತಾದರೂ ಆಯಿತು, ಹತ್ತಾದರೂ ಆಯಿತು. ಮೂಗು, ಗಂಟಲ ತುಂಬ ಮೆಣಸಿನಕಾಯಿ ಧೂಳು, ಕೈಕಾಲು ತಣ್ಣಗೆ.

ಮೂರು ವರ್ಷದ ಹಿಂದೆ ಇಂಥದೇ ಒಂದು ರಾತ್ರಿ ಬಂದವರೇ, “ಏ, ಒಂದಿಷ್ಟು ನೀರು ಕಾಸು. ಲಿಂಬಿಹಣ್ಣು, ಲವಂಗ, ಜೇನತುಪ್ಪ ಕೊಡು” ಅಂದರು.

“ಕಷಾಯ ಮಾಡಲೇನ್ರೀ?”

“ಕಷಾಯನ ಅನ್ಕೋ. ಥಂಡಿಗೆ ಭಾಳ ಚಲೋ ಐತಂತ.”

ನಾನೂ ಖುಷಿಯಿಂದಲೇ ಎಲ್ಲ ತಂದಿಟ್ಟೆ. ಆಮೇಲೆ ಚೀಲದಿಂದ ಬಾಟ್ಲಿ ಹೊರಗೆ ಬಂತು! ಅತ್ತೆಯವರು ಒಳಗೆ ದೇವರ ಮುಂದೆ ಕೂತಿದ್ದರು. ನನಗೆ ಭೂಮಿಗೆ ಇಳಿದಂತಾಯಿತು. ಅವರು ಮಾತ್ರ, “ಇದು ಕುಡಿತ ಅಲ್ಲ, ಔಷಧ” ಎಂದು ನಕ್ಕರು.

ಆ ಔಷಧದ ಹೆಸರು ಹಾಟ್ ಟಾಡಿ. ಗೆಳೆಯರೊಬ್ಬರು ಹೇಳಿಕೊಟ್ಟಿದ್ದಂತೆ. ಒಂದು ಲೋಟ ಬಿಸಿನೀರಿಗೆ ಒಂದು ಪೆಗ್ ವಿಸ್ಕಿ, ಒಂದು ಚಮಚ ಜೇನುತುಪ್ಪ, ಲಿಂಬೆರಸ, ಎರಡು ಲವಂಗ, ಬೇಕಾದರೆ ದಾಲ್ಚಿನ್ನಿ ಚೂರು. ಇಷ್ಟೇ. ಸ್ಕಾಟ್ಲೆಂಡಿನ ಕಡೆ ಚಳಿಗಾಲದಲ್ಲಿ ಮಾಡಿಕೊಳ್ಳುತ್ತಾರೆ. ಹೆಸರು ಮಾತ್ರ ನಮ್ಮ ದೇಶದ್ದೇ. ತಾಳೆಮರದ ಹೆಂಡಕ್ಕೆ ಹಿಂದಿಯಲ್ಲಿ ತಾಡಿ ಎನ್ನುತ್ತಾರಲ್ಲ, ಅದನ್ನೇ ಇಂಗ್ಲಿಷರು ಟಾಡಿ ಮಾಡಿಕೊಂಡು ತಮ್ಮ ಊರಿಗೆ ಒಯ್ದರು.

ಎರಡು ವಾರ ಪೇಟೆ ದಿನಕ್ಕೆ ಮಾತ್ರ ಇದ್ದದ್ದು, ಮೂರನೆಯ ವಾರ ದಿನಾ ರಾತ್ರಿಗೆ ಬಂತು. ಥಂಡಿ ದಿನಾ ಇರುತ್ತದಲ್ಲ! ಸಂಕ್ರಾಂತಿ ಮುಂದಿನ ಒಂದು ರಾತ್ರಿ ಕುಡಿದು ಮುಗಿಸಿ, “ಏನು ಸೆಕೆ!” ಎಂದು ಸ್ವೆಟರ್ ತೆಗೆದು ಹೊರಗಿನ ಕಟ್ಟೆಯ ಮೇಲೆ ಒರಗಿದವರು ಅಲ್ಲೇ ನಿದ್ದೆ ಹೋದರು. ನಾನು ಸಿಟ್ಟಿನಿಂದ ಎಬ್ಬಿಸಲಿಲ್ಲ. ತಪ್ಪು ನನ್ನದೂ ಇದೆ. ಎರಡು ಗಂಟೆಗೆ ಎಚ್ಚರಾಗಿ ಹೋಗಿ ಮುಟ್ಟಿದರೆ ಮೈ ಕಲ್ಲಿನಂತೆ ತಣ್ಣಗಿತ್ತು. ಕರೆದರೆ ಸರಿಯಾಗಿ ಮಾತಿಲ್ಲ. ಅತ್ತೆಯವರೂ ನಾನೂ ಎತ್ತಿ ತಂದು ಕಂಬಳಿ ಹೊದಿಸಿ, ಬೆಳಗಾಗುವ ತನಕ ದೇವರನ್ನು ನೆನೆಯುತ್ತ ಕೂತೆವು.

ಬೆಳಿಗ್ಗೆ ನೋಡಿದ ಡಾಕ್ಟರು ಬೈಯಲಿಲ್ಲ, ತಿಳಿಸಿ ಹೇಳಿದರು. ಮದ್ಯ ಹೊಟ್ಟೆಗೆ ಬಿದ್ದ ಕೂಡಲೇ ಚರ್ಮದ ಹತ್ತಿರದ ರಕ್ತನಾಳಗಳು ಹಿಗ್ಗುತ್ತವೆ. ಒಳಗಿನ ಬಿಸಿರಕ್ತ ಚರ್ಮಕ್ಕೆ ಬಂದು ಮುಖ, ಕೈ ಬೆಚ್ಚಗೆನಿಸುತ್ತವೆ. ಆದರೆ ಆ ಬಿಸಿ ಅಲ್ಲಿಂದ ಗಾಳಿಗೆ ಹೋಗಿಬಿಡುತ್ತದೆ, ಮೈಯ ಒಳಗು ತಣ್ಣಗಾಗುತ್ತದೆ. ಮೈ ನಡುಗುವುದೇ ಬಿಸಿ ಹುಟ್ಟಿಸಿಕೊಳ್ಳಲಿಕ್ಕೆ. ಮದ್ಯ ಆ ನಡುಕವನ್ನೂ ಕಡಿಮೆ ಮಾಡುತ್ತದೆ. ಬಚ್ಚಲಮನೆಯಲ್ಲಿ ಉರಿ ಹಾಕಿ ಬಾಗಿಲು ತೆರೆದಿಟ್ಟ ಹಾಗೆ, ಅಂಗಳದಲ್ಲಿ ನಿಂತವನಿಗೆ ಬೆಚ್ಚಗೆ, ಹಂಡೆಯ ನೀರು ತಣ್ಣಗೆ. ಲೋಟದಲ್ಲಿ ನಿಜವಾಗಿ ಬೆಚ್ಚಗೆ ಮಾಡಿದ್ದು ಬಿಸಿನೀರು, ಗಂಟಲಿಗೆ ಹಿತ ಕೊಟ್ಟದ್ದು ಜೇನುತುಪ್ಪ.

ಹಾಗಾದರೆ ವಿಸ್ಕಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಮ್ಮ ಅಡುಗೆಮನೆಯದೇ ಅಲ್ಲವೇ? ನಮ್ಮ ದೇಶದ ಎಷ್ಟೋ ವಿಸ್ಕಿ ಕಬ್ಬಿನ ಕಾಕಂಬಿಯಿಂದ ಬಂದ ಸ್ಪಿರಿಟ್ಟಿನದು. ಅದೂ ಕಬ್ಬು, ನಮ್ಮ ಬೆಲ್ಲವೂ ಕಬ್ಬು! ಜಗಳ ಆಡಲಿಲ್ಲ. ಅವರ ಲೋಟದಲ್ಲೇ ನನ್ನ ಟಾಡಿ ಮಾಡಿಕೊಟ್ಟೆ. ಮೊದಲ ದಿನ, “ಇದಕ್ಕ ಖಡಕ್ ಇಲ್ಲ” ಎಂದು ಮುಖ ತಿರುಗಿಸಿದರು. ವಿಸ್ಕಿಗೆ ಗಂಟಲು ಹಿಡಿಯುವ ಒಂದು ಒಗರು ಇರುತ್ತದೆ, ಅದು ಬೇಕಿತ್ತು. ಚಿಟಿಕೆ ಚಹಾಪುಡಿ ಹಾಕಿದೆ, ಒಗರೂ ಬಂತು, ಬಣ್ಣವೂ ಬಂತು. ಬಣ್ಣಕ್ಕೆಂದು ಮೊದಲು ನಮ್ಮೂರ ಮೆಣಸಿನಕಾಯಿಯನ್ನೇ ಕುದಿಸಿದ್ದೆ. ದಡ್ಡತನ ನೋಡಿ, ಆ ಕೆಂಪು ಎಣ್ಣೆಯಲ್ಲಿ ಬಿಡುವಷ್ಟು ನೀರಿನಲ್ಲಿ ಬಿಡುವುದಿಲ್ಲ ಎಂದು ದಿನಾ ಒಗ್ಗರಣೆ ಹಾಕುವ ನನಗೆ ಹೊಳೆಯಲಿಲ್ಲ. ಆದರೆ ಗಂಟಲಲ್ಲಿ ಸಣ್ಣಗೆ ಬೆಚ್ಚಗಾಯಿತೆಂದು ಅವರೇ ಹೇಳಿದ್ದರಿಂದ ಒಂದು ಚೂರು ಉಳಿಸಿಕೊಂಡೆ.

ಇಬ್ಬರಿಗೆ ಬೇಕಾಗುವುದು: ಎರಡೂವರೆ ಲೋಟ ನೀರು, ಒಂದಿಂಚು ಜಜ್ಜಿದ ಹಸಿಶುಂಠಿ, ನಾಲ್ಕು ಲವಂಗ, ಎರಡು ಯಾಲಕ್ಕಿ, ಬೆರಳುಗುರಿನಷ್ಟು ದಾಲ್ಚಿನ್ನಿ, ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿಯ ಒಂದು ಚೂರು. ಸಣ್ಣ ಉರಿಯಲ್ಲಿ ಎರಡು ಲೋಟಕ್ಕೆ ಇಳಿಯುವ ತನಕ ಕುದಿಸಿ. ಇಳಿಸಿ ಕಾಲು ಚಮಚ ಚಹಾಪುಡಿ ಹಾಕಿ ಮುಚ್ಚಿಡಿ. ಎರಡು ನಿಮಿಷ ಸಾಕು, ಹೆಚ್ಚಾದರೆ ಕಹಿ. ಸೋಸಿ, ಎರಡು ಚಮಚ ಬೆಲ್ಲ ಕರಗಿಸಿ, ಕುಡಿಯುವ ಹದಕ್ಕೆ ಬಂದ ಮೇಲೆ ಅರ್ಧ ಹೋಳು ಲಿಂಬೆ ಹಿಂಡಿ. ಜೇನುತುಪ್ಪ ಹಾಕುವವರು ಬೆಲ್ಲ ಬಿಡಿ. ಅದನ್ನೂ ಕೊನೆಗೇ ಹಾಕಿ.

ಯಾಲಕ್ಕಿಯ ಬಗ್ಗೆ ಒಂದು ಮಾತು. ನನ್ನ ತವರು ಹಾವೇರಿ. ಯಾಲಕ್ಕಿ ಹಾರಕ್ಕೆ ಹೆಸರಾದ ಊರು. 2023ರ ಜನವರಿಯಲ್ಲಿ ಅಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಹೊರಗಿನವರೂ ಅದರ ಚಂದ ಕಂಡರು. ಮನೆಗೆ ಬಂದ ಹಾರ ಬಿಚ್ಚಿ ಡಬ್ಬಿಗೆ ಹಾಕುವ ಉಳಿತಾಯದ ಬುದ್ಧಿ ನಮಗೆಲ್ಲ ಇದೆ. ಬೇಡಿ. ಹಾರದ್ದು ನೋಟಕ್ಕೆಂದು ಬೆಳ್ಳಗೆ ಮಾಡಿದ ಯಾಲಕ್ಕಿ. ಕಷಾಯಕ್ಕೆ ಮಲೆನಾಡಿನ ಹಸಿರುದ್ದನ್ನೇ ಹಾಕಿ.

ದಿನಾ ಕುದಿಸಲು ಪುರುಸೊತ್ತಿಲ್ಲದವರಿಗೆ ರಾಣೆಬೆನ್ನೂರಿನ ನನ್ನ ತಂಗಿಯ ಪುಡಿ ಅನುಕೂಲ. ಒಂದು ಬಟ್ಟಲು ಕೊತ್ತಂಬರಿ ಕಾಳು, ಅರ್ಧ ಬಟ್ಟಲು ಜೀರಿಗೆ, ಎರಡು ಚಮಚ ಕರಿಮೆಣಸು, ಅರ್ಧ ಚಮಚ ಮೆಂತ್ಯ ಬೇರೆ ಬೇರೆ ಬೆಚ್ಚಗೆ ಹುರಿದು, ಒಣಶುಂಠಿ ಒಂದು ತುಂಡು, ಎಂಟು ಯಾಲಕ್ಕಿ ಸೇರಿಸಿ ಪುಡಿಮಾಡಿ. ಲೋಟಕ್ಕೆ ಒಂದು ಚಮಚ. ಹಾಲು, ಬೆಲ್ಲ ಎರಡೂ ಹಾಕುವುದಾದರೆ ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಿ, ಇಲ್ಲವಾದರೆ ಒಡೆದೀತು. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಡಬೇಕು, ಎದೆ ಉರಿಯುವವರು ಮೆಣಸು ಕಡಿಮೆ ಮಾಡಬೇಕು.

ಹಿರಿಯರಿಗೆ ನೋವಾದರೂ ಚಿಂತೆಯಿಲ್ಲ, ಇನ್ನೊಂದು ಮಾತು ಹೇಳಲೇಬೇಕು. ಬಾಣಂತಿಗೆ ಥಂಡಿಯೆಂದು, ಮಗುವಿಗೆ ನೆಗಡಿಯೆಂದು ಒಂದು ಚಮಚ ಬ್ರಾಂಡಿ ಕೊಡುವ ಮನೆಗಳು ಇಂದಿಗೂ ಇವೆ. ಬಾಣಂತಿ ಕುಡಿದದ್ದು ಹಾಲಿನಲ್ಲಿ ಮಗುವಿಗೆ ಹೋಗುತ್ತದೆ. ಎಳೆಮಗುವಿಗೆ ಮದ್ಯದಿಂದ ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೇ ಬರಬಹುದು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪವನ್ನೂ ನೆಕ್ಕಿಸಬೇಡಿ. ನೆಗಡಿಯ ಮಾತ್ರೆ, ನಿದ್ದೆ ತರುವ ಕೆಮ್ಮಿನ ಔಷಧ ತೆಗೆದುಕೊಂಡ ದೊಡ್ಡವರಿಗೂ ಅದರ ಮೇಲೆ ಮದ್ಯ ಅಪಾಯವೇ.

ನಮ್ಮನೆಯವರು ಪೂರಾ ಬಿಟ್ಟರೇ ಎಂದು ನೀವು ಕೇಳಬಹುದು. ಸುಳ್ಳು ಹೇಳುವುದಿಲ್ಲ, ಮದುವೆ-ಮುಂಜಿಗೆ ಹೋದಾಗ ಒಮ್ಮೊಮ್ಮೆ ವಾಸನೆ ಬರುತ್ತದೆ. ಆದರೆ ‘ಥಂಡಿಗೆ’ ಎಂಬ ನೆಪ ಹೋಯಿತು. ಪೇಟೆ ದಿನ ಸಂಜೆ ಆರಕ್ಕೆ ಅಂಗಡಿಗೆ ಫ್ಲಾಸ್ಕ್ ಕಳಿಸುತ್ತೇನೆ. ಮೊದಲು ಎರಡು ಲೋಟದ್ದು ಸಾಕಾಗುತ್ತಿತ್ತು. ಹೋದ ವರ್ಷದಿಂದ ಹಮಾಲರೂ, ಆ ಔಷಧ ಹೇಳಿಕೊಟ್ಟ ಗೆಳೆಯರೂ ಪಾಲು ಕೇಳುತ್ತಾರಂತೆ. ಈ ಥಂಡಿಗೆ ದೊಡ್ಡ ಫ್ಲಾಸ್ಕ್ ತರಬೇಕು.