ಕ್ಷಯ ಸಂಶೋಧನೆ: ನಮ್ಮ ಮಕ್ಕಳಿಗೆ ದಾರಿಯಿದೆ, ಸಂಘಗಳಿಗೆ ಕೆಲಸವಿದೆ

ವಾರ್ಷಿಕೋತ್ಸವದ ವೇದಿಕೆಯಲ್ಲಿ ಹತ್ತನೇ, ಹನ್ನೆರಡನೇ ತರಗತಿಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಸ್ಮರಣಿಕೆ, ಪುಷ್ಪಗುಚ್ಛ, ವಿದ್ಯಾರ್ಥಿ ವೇತನದ ಚೆಕ್. ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಕನ್ನಡ ಸಂಘಗಳಲ್ಲಿ ಪ್ರತಿವರ್ಷ ಕಾಣುವ ದೃಶ್ಯವಿದು. ‘ಮುಂದೆ ಏನಾಗ್ತೀ ಮಗಾ?’ ಎಂದು ವೇದಿಕೆಯ ಹಿರಿಯರು ಕೇಳಿದರೆ ಡಾಕ್ಟರ್, ಇಂಜಿನಿಯರ್, ಸಿ.ಎ. ಎಂಬ ಉತ್ತರ ಬರುತ್ತದೆ. ‘ರೋಗಗಳ ಬಗ್ಗೆ ಸಂಶೋಧನೆ ಮಾಡ್ತೇನೆ’ ಎನ್ನುವ ಮಗು ಅಪರೂಪ. ಹಾಗೆ ಹೇಳಿದರೂ ಮನೆಯವರ ಮೊದಲ ಪ್ರಶ್ನೆ, ‘ಅದರಲ್ಲಿ ಸಂಬಳ ಉಂಟಾ?’

ಆ ಪ್ರಶ್ನೆ ತಪ್ಪಲ್ಲ. ಊರು ಬಿಟ್ಟು ಬಂದು ದುಡಿಮೆಯಿಂದಲೇ ಬಾಳು ಕಟ್ಟಿಕೊಂಡವರು ಕೇಳಲೇಬೇಕಾದ ಪ್ರಶ್ನೆ. ಕ್ಷಯರೋಗ ಅಂದರೆ ಟಿ.ಬಿ.ಯ ಸಂಶೋಧನೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಅದಕ್ಕೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಮಾಳಿಗೆಯ ಕೆಮ್ಮು

ಕ್ಷಯಕ್ಕೂ ಮುಂಬಯಿ ಕನ್ನಡಿಗರಿಗೂ ಹಳೆಯ ನಂಟಿದೆ. ಹಗಲು ಹೊಟೇಲಿನಲ್ಲಿ ದುಡಿದು, ಸಂಜೆ ರಾತ್ರಿ ಶಾಲೆಗೆ ಹೋಗಿ, ಮಾಳಿಗೆಯಲ್ಲಿ ಸಾಲಾಗಿ ಚಾಪೆ ಹಾಸಿ ಮಲಗಿದ ತಲೆಮಾರು ನಮ್ಮದು. ‘ಅವನಿಗೆ ಎದೆಯ ಕಾಯಿಲೆಯಂತೆ, ಊರಿಗೆ ಹೋದ’ ಎಂಬ ಮಾತನ್ನು ಕೇಳದ ಹಿರಿಯರು ಕಡಿಮೆ. ಹಾಗೆ ಹೋದವರಲ್ಲಿ ಮರಳಿ ಬಾರದವರೂ ಇದ್ದರು. ಗಾಳಿ ಬೆಳಕಿಲ್ಲದ ಕೋಣೆ, ಹೊತ್ತಿಗೆ ಸರಿಯಾಗಿ ಇಲ್ಲದ ಊಟ, ಬಿಡುವಿಲ್ಲದ ದುಡಿಮೆ ಇವೆಲ್ಲ ರೋಗಾಣುವಿಗೆ ಅನುಕೂಲವಾಗುವ ಸಂಗತಿಗಳೇ. ಇಂದಿಗೂ ಮದುವೆ ಸಂಬಂಧ ತಪ್ಪೀತೆಂದು ಈ ಕಾಯಿಲೆಯ ಹೆಸರನ್ನೇ ಮುಚ್ಚಿಡುವ ಮನೆಗಳಿವೆ.

ಜರ್ಮನಿಯ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಬಿ.ಸಿ.ಜಿ. ಲಸಿಕೆಯನ್ನು ಮೊದಲು ಮನುಷ್ಯರಿಗೆ ನೀಡಿದ್ದು 1921ರಲ್ಲಿ. ನೂರು ವರ್ಷ ದಾಟಿದರೂ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು ಅದೊಂದೇ ಲಸಿಕೆ. ಅದು ಪುಟ್ಟ ಮಕ್ಕಳನ್ನು ತೀವ್ರ ಸ್ವರೂಪದ ಕ್ಷಯದಿಂದ ಕಾಪಾಡುತ್ತದೆಯಾದರೂ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯುವಲ್ಲಿ ಅದರ ಮೇಲೆ ಭರವಸೆ ಇಡುವಂತಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ಭಾರತದಲ್ಲಿದ್ದಾರೆ. ಹಾಗಾಗಿ ಈ ಸಂಶೋಧನೆ ಯಾರದೋ ಕೆಲಸವಲ್ಲ, ನಮ್ಮದೇ ಕೆಲಸ.

ತುಮಕೂರು ಕಲಿಸಿದ ಪಾಠ

ಈ ಕ್ಷೇತ್ರದಲ್ಲಿ ಕರ್ನಾಟಕದ ಪಾತ್ರ ಹೆಮ್ಮೆ ಪಡುವಂಥದ್ದು. ಕ್ಷಯಕ್ಕೆ ಬಲಿಯಾದ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಕಟ್ಟಿಸಿದ ಪಿ.ಕೆ. ಸ್ಯಾನಟೋರಿಯಂ ಹಲವರಿಗೆ ಗೊತ್ತಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ (ಎನ್‌ಟಿಐ) ಹೆಸರು ಅಷ್ಟು ಪರಿಚಿತವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್ ನೆರವಿನಿಂದ 1959ರಲ್ಲಿ ಆರಂಭವಾದ ಈ ಸಂಸ್ಥೆಯನ್ನು 1960ರಲ್ಲಿ ಪ್ರಧಾನಿ ನೆಹರೂ ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡಾ| ಹಾಫ್‌ಡನ್ ಮಾಹ್ಲರ್ ಅದರ ಆರಂಭದ ದಿನಗಳಲ್ಲಿ ದುಡಿದವರು.

ಅಲ್ಲಿನ ಡಾ| ಡಿ. ಬ್ಯಾನರ್ಜಿ ಮತ್ತು ಡಾ| ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರನ್ನು ಮನೆ ಮನೆಗೆ ಹೋಗಿ ಹುಡುಕಬೇಕು ಎಂಬುದು ಆ ಕಾಲದ ನಂಬಿಕೆ. ಕಂಡುಬಂದದ್ದು ಬೇರೆಯೇ. ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ತೊಂದರೆಯ ಅರಿವಿತ್ತು. ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆಗೆ ಹೋಗಿದ್ದರು. ಆದರೆ ಆಸ್ಪತ್ರೆಯಲ್ಲಿ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳುಹಿಸಲಾಗುತ್ತಿತ್ತು. ಕಫ ಪರೀಕ್ಷೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಆಗಬೇಕು ಎಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಇಂಥ ಅಧ್ಯಯನಗಳೇ ಬಲ ನೀಡಿದವು. ಅದಕ್ಕೆ ಬೇಕಾದದ್ದು ದೊಡ್ಡ ಯಂತ್ರಗಳಲ್ಲ. ಸರಿಯಾದ ಪ್ರಶ್ನೆ, ತರಬೇತಿ ಪಡೆದ ಜನ ಮತ್ತು ಅವರ ಖರ್ಚಿಗಷ್ಟು ಹಣ.

ಮಂಗಳೂರಿನ ದಂಪತಿ, ಜಾರ್ಖಂಡ್‌ನ ಅಕ್ಕಿ

ಇದು ಹಳೆಯ ಕತೆ ಎನ್ನುವವರಿಗೆ ನಮ್ಮ ಕರಾವಳಿಯದೇ ಹೊಸ ಉದಾಹರಣೆಯಿದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ| ಅನುರಾಗ್ ಭಾರ್ಗವ ಮತ್ತು ಅವರ ಪತ್ನಿ ಡಾ| ಮಾಧವಿ ಭಾರ್ಗವ ಅವರು ಇತರರೊಂದಿಗೆ ಸೇರಿ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿದರು. ಹಣ ನೀಡಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಭಾರತ ಕ್ಷಯ ಸಂಶೋಧನಾ ಒಕ್ಕೂಟ.

ಅವರು ಕೇಳಿದ್ದು ಅಡುಗೆಮನೆಯ ಪ್ರಶ್ನೆ. ರೋಗಿಯ ಜತೆ ಒಂದೇ ಮನೆಯಲ್ಲಿರುವವರಿಗೆ ಹೊಟ್ಟೆ ತುಂಬ ಪೌಷ್ಟಿಕ ಆಹಾರ ಸಿಕ್ಕಿದರೆ ರೋಗ ಅವರಿಗೆ ಬರುವುದು ತಪ್ಪುತ್ತದೆಯೇ? 2,800 ರೋಗಿಗಳು ಮತ್ತು ಅವರ ಮನೆಯ 10,345 ಮಂದಿ ಅಧ್ಯಯನದಲ್ಲಿದ್ದರು. ರೋಗಿಗಳೆಲ್ಲರಿಗೂ ಆಹಾರದ ಕಿಟ್ ಸಿಕ್ಕಿತು. ಒಂದು ಗುಂಪಿನಲ್ಲಿ ಮನೆಯವರಿಗೂ ಅಕ್ಕಿ, ಬೇಳೆ ಮತ್ತು ವಿಟಮಿನ್ ಮಾತ್ರೆ ನೀಡಲಾಯಿತು. 2023ರ ಆಗಸ್ಟ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಹಾರ ಪಡೆದ ಮನೆಯವರಲ್ಲಿ ಕ್ಷಯ ಶೇ. 39ರಷ್ಟು ಕಡಿಮೆಯಾಗಿತ್ತು. ಕಫ ಪರೀಕ್ಷೆ ಮುಂತಾದವುಗಳಿಂದ ಖಚಿತವಾದ ಶ್ವಾಸಕೋಶದ ಕ್ಷಯವಂತೂ ಶೇ. 48ರಷ್ಟು ಕಡಿಮೆ. ಸುಮಾರು 30 ಮನೆಗಳಿಗೆ ಆಹಾರ ನೀಡಿದರೆ ಒಬ್ಬರಿಗೆ ರೋಗ ತಪ್ಪುತ್ತದೆ ಎಂಬುದು ಲೆಕ್ಕ.

ರೋಗಿಗೆ ಒಳ್ಳೆಯ ಊಟ ಕೊಡಿ ಎಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರು. ಆದರೆ ಸರಕಾರದ ಬೊಕ್ಕಸ ತೆರೆಯಲು ಅಜ್ಜಿಯ ಮಾತು ಸಾಲದು, ಲೆಕ್ಕ ಬೇಕು. ರೋಗಿಗಳಿಗೆ ‘ನಿಕ್ಷಯ ಪೋಷಣ್’ ಯೋಜನೆಯಡಿ ನೀಡುತ್ತಿದ್ದ ತಿಂಗಳ 500 ರೂ. ನೆರವು 2024ರ ನವೆಂಬರ್‌ನಿಂದ 1,000 ರೂ.ಗೆ ಏರಿದೆ. ಪೌಷ್ಟಿಕತೆಯ ಪರವಾಗಿ ಇಂಥ ಸಾಕ್ಷ್ಯ ಸಿಗುವುದು ಯಾರೋ ಕೆಲವರು ವರ್ಷಗಟ್ಟಲೆ ಹಳ್ಳಿ ಸುತ್ತಿ ತೂಕ ಬರೆದಿಟ್ಟುಕೊಂಡಾಗ ಮಾತ್ರ.

ಹಣ ನಿಂತರೆ

ಸಂಶೋಧನೆಯ ದೊಡ್ಡ ಕಷ್ಟವೆಂದರೆ ಹಣ ನಡುದಾರಿಯಲ್ಲಿ ನಿಲ್ಲುವುದು. ಬೆಂಗಳೂರಿನಲ್ಲಿ ಕ್ಷಯದ ಹೊಸ ಔಷಧಿಗಾಗಿ ಕೆಲಸ ಮಾಡುತ್ತಿದ್ದ ಆಸ್ಟ್ರಾಜೆನೆಕಾ ಕಂಪೆನಿಯ ಸಂಶೋಧನಾ ಕೇಂದ್ರ 2014ರಲ್ಲಿ ಮುಚ್ಚಿತು. ಅಲ್ಲಿದ್ದ ಕೆಲವು ವಿಜ್ಞಾನಿಗಳು ಕೈಕಟ್ಟಿ ಕೂರದೆ, ಬೆಂಗಳೂರಿನಲ್ಲೇ ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದನ್ನು ಕಟ್ಟಿ ಕೆಲಸ ಮುಂದುವರಿಸಿದ್ದು ಶ್ಲಾಘನೀಯ. 2025ರಲ್ಲಿ ಅಮೆರಿಕದ ಯುಎಸ್‌ಏಡ್ ಸಂಸ್ಥೆಯನ್ನು ಅಲ್ಲಿನ ಸರಕಾರ ಮುಚ್ಚಿದಾಗ ಹಲವು ದೇಶಗಳಲ್ಲಿ ಕ್ಷಯದ ಕೆಲಸಕ್ಕೆ ಪೆಟ್ಟು ಬಿತ್ತು. ಕ್ಷಯ ಸಂಶೋಧನೆಗೆ ಜಗತ್ತು ವರ್ಷಕ್ಕೆ 500 ಕೋಟಿ ಡಾಲರ್ ಒದಗಿಸಬೇಕೆಂದು 2023ರಲ್ಲಿ ವಿಶ್ವಸಂಸ್ಥೆಯ ಸಭೆ ಒಪ್ಪಿತ್ತು. ಆಗ ನಿಜಕ್ಕೂ ಖರ್ಚಾಗುತ್ತಿದ್ದುದು ಸುಮಾರು 100 ಕೋಟಿ ಡಾಲರ್ ಮಾತ್ರ.

ಮುಂಬಯಿಗೆ ಇದು ದೂರದ ಸುದ್ದಿಯಲ್ಲ. ಔಷಧಿಗೆ ಬಗ್ಗದ ಕ್ಷಯ ಈ ಮಹಾನಗರದ ದೊಡ್ಡ ಚಿಂತೆ. ಹಿಂದುಜಾ ಆಸ್ಪತ್ರೆಯ ಡಾ| ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು, ಪರೀಕ್ಷಿಸಿದ ಯಾವ ಔಷಧಿಗೂ ಬಗ್ಗದ ನಾಲ್ವರು ರೋಗಿಗಳ ವಿವರವನ್ನು 2011ರ ಕೊನೆಯಲ್ಲಿ ಪ್ರಕಟಿಸಿದಾಗ ದೇಶವೇ ಬೆಚ್ಚಿಬಿದ್ದಿತ್ತು. ಡಾ| ಎನ್.ಎಚ್. ಆಂಟಿಯಾ 1975ರಲ್ಲಿ ಸ್ಥಾಪಿಸಿದ ವರ್ಲಿಯ ಫೌಂಡೇಶನ್ ಫಾರ್ ಮೆಡಿಕಲ್ ರಿಸರ್ಚ್ ಕೂಡ ಈ ಸಮಸ್ಯೆಯ ಬಗ್ಗೆ ಮುಂಬಯಿಯಲ್ಲೇ ಅಧ್ಯಯನ ಮಾಡಿದ ಸಂಸ್ಥೆ.

ವಿದ್ಯಾರ್ಥಿಗಳಿಗೆ ಇರುವ ದಾರಿ

ಈಗ ‘ಸಂಬಳ ಉಂಟಾ?’ ಎಂಬ ಪ್ರಶ್ನೆಗೆ ಬರೋಣ. ಕಳ್ವಾ, ನೆರೂಲ್, ಕಾಮೋಠೆಯ ವೈದ್ಯಕೀಯ ಕಾಲೇಜುಗಳಲ್ಲಿ, ನಮ್ಮ ಉಪನಗರಗಳ ವಿಜ್ಞಾನ ಕಾಲೇಜುಗಳಲ್ಲಿ ಕನ್ನಡಿಗರ ಮಕ್ಕಳೂ ಓದುತ್ತಿದ್ದಾರೆ. ಅವರು ತಿಳಿದಿರಬೇಕಾದ ಕೆಲವು ಸಂಗತಿಗಳಿವು.

ಎಂಬಿಬಿಎಸ್ ವಿದ್ಯಾರ್ಥಿಗಳಿಗೆ: ಐಸಿಎಂಆರ್ 1979ರಿಂದ ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆ (ಎಸ್‌ಟಿಎಸ್) ನಡೆಸಿಕೊಂಡು ಬಂದಿದೆ. ಕಾಲೇಜಿನ ಪ್ರಾಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಸಣ್ಣ ಅಧ್ಯಯನ. ವರದಿ ಒಪ್ಪಿಗೆಯಾದರೆ ಸ್ಟೈಪೆಂಡ್ ಮತ್ತು ಪ್ರಮಾಣಪತ್ರ.

ಎಂ.ಡಿ. ವಿದ್ಯಾರ್ಥಿಗಳಿಗೆ: ಕ್ಷಯದ ಬಗ್ಗೆ ಪ್ರಬಂಧ ಬರೆಯುವವರಿಗೆ ರಾಷ್ಟ್ರೀಯ ಕ್ಷಯ ನಿರ್ಮೂಲನ ಕಾರ್ಯಕ್ರಮದಿಂದಲೇ ಧನಸಹಾಯದ ವ್ಯವಸ್ಥೆಯಿದೆ. ಕಾಲೇಜಿನ ಕ್ಷಯ ಕೋರ್ ಕಮಿಟಿಯಲ್ಲಿ ವಿಚಾರಿಸಬೇಕು. ಅಲ್ಲಿಂದ ರಾಜ್ಯ ಟಾಸ್ಕ್ ಫೋರ್ಸ್‌ಗೆ ಅರ್ಜಿ ಹೋಗುತ್ತದೆ.

ಎಂ.ಎಸ್ಸಿ. ಮುಗಿಸಿದವರಿಗೆ: ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ಪಡೆದರೆ ಪಿಎಚ್.ಡಿ. ಮಾಡುತ್ತಲೇ ಸ್ಟೈಪೆಂಡ್ ದೊರೆಯುತ್ತದೆ. 2023ರ ಜನವರಿಯಿಂದ ಇದು ತಿಂಗಳಿಗೆ 37,000 ರೂ. ಆಗಿದ್ದು ಮನೆ ಬಾಡಿಗೆ ಭತ್ತೆ ಪ್ರತ್ಯೇಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕ್ಷಯದ ಜೀವಂತ ರೋಗಾಣುವಿನೊಂದಿಗೆ ಸುರಕ್ಷಿತವಾಗಿ ಕೆಲಸ ಮಾಡಬಲ್ಲ ಪ್ರಯೋಗಾಲಯವಿದೆ. ಚೆನ್ನೈಯ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯಂತೂ 1956ರಿಂದ ಈ ಕೆಲಸಕ್ಕೆ ಹೆಸರಾದುದು. ಪಿಎಚ್.ಡಿ. ಮುಗಿದವರಿಗೆ 2008ರಲ್ಲಿ ಆರಂಭವಾದ ‘ಇಂಡಿಯಾ ಅಲಯನ್ಸ್’ ಫೆಲೋಶಿಪ್ ಇದೆ.

ಕೆಲಸದಲ್ಲಿರುವ ವೈದ್ಯರು, ಆರೋಗ್ಯ ಸಿಬಂದಿಗೆ: ‘ಸಾರ್ಟ್ ಇಟ್’ ಎಂಬ ತರಬೇತಿ ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಅಂತಾರಾಷ್ಟ್ರೀಯ ಕ್ಷಯ ಒಕ್ಕೂಟ ‘ದಿ ಯೂನಿಯನ್’ ಮತ್ತು ಗಡಿರಹಿತ ವೈದ್ಯರ ಸಂಸ್ಥೆ 2009ರಲ್ಲಿ ಆರಂಭಿಸಿದ ಈ ತರಬೇತಿಯಲ್ಲಿ ಮೂರು ಹಂತಗಳಿವೆ. ಮೊದಲು ಪ್ರಶ್ನೆ ರೂಪಿಸುವುದು, ಬಳಿಕ ಮಾಹಿತಿಯ ವಿಶ್ಲೇಷಣೆ, ಕೊನೆಗೆ ಲೇಖನ ಬರೆದು ವೈಜ್ಞಾನಿಕ ಪತ್ರಿಕೆಗೆ ಕಳುಹಿಸುವುದು. ನಿಗದಿತ ದಿನಕ್ಕೆ ಕೆಲಸ ಒಪ್ಪಿಸದವರಿಗೆ ಮುಂದಿನ ಹಂತವಿಲ್ಲ. ನಮ್ಮ ಪಾಲಿಕೆ ಆಸ್ಪತ್ರೆಗಳ ಕಪಾಟಿನಲ್ಲಿರುವ ರಿಜಿಸ್ಟರ್‌ಗಳೂ ಸಂಶೋಧನೆಯ ಸಂಪತ್ತಾಗಬಲ್ಲವು ಎಂಬುದನ್ನು ಇದು ಕಲಿಸುತ್ತದೆ.

ಸಂಘಗಳು ಮಾಡಬಹುದಾದದ್ದು

ಕನ್ನಡ ಸಂಘಗಳಿಗೆ ಲ್ಯಾಬ್ ಕಟ್ಟುವ ಶಕ್ತಿ ಇಲ್ಲದಿರಬಹುದು. ಆದರೆ ನಮಗಿರುವ ಶಕ್ತಿ ಸಣ್ಣದಲ್ಲ. ಎಸ್‌ಟಿಎಸ್‌ಗೆ ಅರ್ಜಿ ಹಾಕಿದ ವಿದ್ಯಾರ್ಥಿಯ ಓಡಾಟದ ಖರ್ಚು, ನೆಟ್ ಪರೀಕ್ಷೆಯ ಪುಸ್ತಕ, ಪ್ರಬಂಧದ ಮುದ್ರಣ ಇವಕ್ಕೆಲ್ಲ ಹತ್ತಿಪ್ಪತ್ತು ಸಾವಿರ ರೂಪಾಯಿಯ ಆಸರೆ ಸಾಕು. ವಿದ್ಯಾರ್ಥಿ ವೇತನದ ಪಟ್ಟಿಯಲ್ಲಿ ಅಂಕಗಳ ಜತೆಗೆ ‘ಸಂಶೋಧನಾ ನೆರವು’ ಎಂಬ ಒಂದು ಸಾಲನ್ನು ಸೇರಿಸುವುದು ಕಾರ್ಯಕಾರಿ ಸಮಿತಿಯ ಒಂದು ಸಭೆಯಲ್ಲಿ ಆಗುವ ಕೆಲಸ. ಸಂಶೋಧನೆಯಲ್ಲಿರುವ ನಮ್ಮವರನ್ನು ಕರೆಸಿ ಮಕ್ಕಳೊಂದಿಗೆ ಮಾತನಾಡಿಸಿದರೆ ಅದು ಇನ್ನೂ ದೊಡ್ಡ ನೆರವು.

ಎರಡನೆಯದು ‘ನಿಕ್ಷಯ ಮಿತ್ರ’. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಈ ಯೋಜನೆಯಡಿ ವ್ಯಕ್ತಿಗಳು, ಸಂಘ-ಸಂಸ್ಥೆಗಳು ಹೆಸರು ನೋಂದಾಯಿಸಿ, ಒಪ್ಪಿಗೆ ನೀಡಿದ ರೋಗಿಗಳಿಗೆ ಕನಿಷ್ಠ ಆರು ತಿಂಗಳು ಆಹಾರದ ಕಿಟ್ ಒದಗಿಸಬಹುದು. ಆರೋಗ್ಯ ಶಿಬಿರ, ಅನ್ನದಾನಗಳಲ್ಲಿ ಹಿಂದೆ ಬೀಳದ ನಮ್ಮ ಸಂಘಗಳಿಗೆ ಇದು ಹೊಸ ಕೆಲಸವೇನಲ್ಲ. ಭಾರ್ಗವ ದಂಪತಿಯ ಸಂಶೋಧನೆಯ ಫಲ ಡೊಂಬಿವಲಿಯ ಒಂದು ಚಾಳ್‌ಗೆ ತಲುಪುವುದು ಹೀಗೆ.

ಮೂರನೆಯದಕ್ಕೆ ಹಣವೇ ಬೇಡ. ಎರಡು ವಾರಕ್ಕಿಂತ ಹೆಚ್ಚು ಕಾಲ ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು ಕಂಡರೆ ಕಫ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೊಟೇಲ್, ಕ್ಯಾಂಟೀನ್‌ಗಳಲ್ಲಿ ದುಡಿಯುವ ನಮ್ಮ ಹುಡುಗರಿಗೆ ಅವರ ಭಾಷೆಯಲ್ಲೇ ಹೇಳುವುದು. ಸರಕಾರಿ ಕೇಂದ್ರಗಳಲ್ಲಿ ಪರೀಕ್ಷೆ ಮತ್ತು ಔಷಧಿ ಉಚಿತ. 1800-11-6666 ಉಚಿತ ಸಹಾಯವಾಣಿಯಲ್ಲೂ ಮಾಹಿತಿ ಸಿಗುತ್ತದೆ.

ಮುಂದಿನ ವಾರ್ಷಿಕೋತ್ಸವದಲ್ಲಿ ಯಾವುದಾದರೂ ಹುಡುಗಿ ಮೈಕ್ ಹಿಡಿದು ‘ಟಿ.ಬಿ. ಬಗ್ಗೆ ರಿಸರ್ಚ್ ಮಾಡ್ತೇನೆ’ ಎಂದರೆ ಸಭೆಯಲ್ಲಿರುವ ಹಿರಿಯರು ‘ಸಂಬಳ ಉಂಟಾ?’ ಎಂದು ಧಾರಾಳವಾಗಿ ಕೇಳಲಿ. ಉಂಟು ಎನ್ನುವ ಉತ್ತರ ಈಗ ನಮ್ಮಲ್ಲಿದೆ. ಅದರ ಮೇಲೆ ‘ಸಂಘ ನಿನ್ನ ಜತೆಗಿದೆ ಮಗಾ’ ಎಂಬ ಒಂದು ಮಾತು ಸೇರಿದರೆ ಅವಳ ದಾರಿ ಇನ್ನಷ್ಟು ಸುಗಮವಾದೀತು.