ನಿಮಗಿದು ಗೊತ್ತೇ? ಬಸದಿಯ ಪಕ್ಕದಲ್ಲಿ ಬಹುಮಹಡಿ

ಬೆಳಗಾವಿ ಕೋಟೆಯೊಳಗೆ ಬಸದಿ, ಮಸೀದಿ. ಹೊರಗೆ ಬಸ್ ನಿಲ್ದಾಣ, ಮಾರುಕಟ್ಟೆ, ಏಳುತ್ತಲೇ ಇರುವ ಹೊಸ ಕಟ್ಟಡಗಳು. ಹೊಸದು ಎದ್ದಾಗ ಪಕ್ಕದ ಹಳೆಯದಕ್ಕೆ ಏನಾಗುತ್ತದೆ? ಅದನ್ನು ಅಳೆಯುವ ಬಗೆ ಹೇಗೆ?

• ಕೋಟೆಯ ಕಮಲ ಬಸದಿಯನ್ನು 1204ರಲ್ಲಿ ಕಟ್ಟಿಸಿದವನು ರಟ್ಟರ ದೊರೆ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ. ಚಾವಣಿಯಿಂದ ಇಳಿಬಿದ್ದ ಕಲ್ಲಿನ ಕಮಲಕ್ಕೆ 72 ಎಸಳು. ಭೂತ, ವರ್ತಮಾನ, ಭವಿಷ್ಯತ್ ಕಾಲಗಳ ತಲಾ 24 ತೀರ್ಥಂಕರರು ಅದರ ಲೆಕ್ಕ.

• ಅದೇ 1204ರ ಎರಡು ಬೆಳಗಾವಿ ಶಾಸನಗಳು ಈಗ ಇರುವುದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ!

• ಕಮಲ ಬಸದಿಯಂತೆ ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿರ್ಮಾಣ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ ಇದನ್ನು ಬಿಗಿಗೊಳಿಸಿತು. ಉಲ್ಲಂಘಿಸಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

• ಈ ದೂರವನ್ನು ಗುಡಿಯ ಗೋಡೆಯಿಂದಲೇ ಅಳೆಯಬೇಕೆಂದಿಲ್ಲ. ಸಂರಕ್ಷಿತ ಪ್ರದೇಶ ಘೋಷಣೆಯಾಗಿದ್ದರೆ ಅದರ ಗಡಿಯಿಂದ ಲೆಕ್ಕ ಶುರು.

• ಹಳೆ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸಿದರೂ ಕಾಯ್ದೆಯ ಕಣ್ಣಲ್ಲಿ ಅದು ನಿರ್ಮಾಣವೇ. ದುರಸ್ತಿ ನಿರ್ಮಾಣವಲ್ಲ, ಆದರೆ ಅದಕ್ಕೂ ಅನುಮತಿ ಬೇಕು.

• ಚರಂಡಿ ಕಾಮಗಾರಿಯೂ 'ನಿರ್ಮಾಣ'ದ ವ್ಯಾಖ್ಯೆಯಿಂದ ಹೊರಗೆ. ಆದರೆ ಜೆಸಿಬಿ ಅಗೆದದ್ದು ಚರಂಡಿಗೋ ಕಟ್ಟಡದ ಪಾಯಕ್ಕೋ ಎಂಬ ಭೇದ ಮಣ್ಣಿಗೆ ತಿಳಿಯುವುದಿಲ್ಲ.

• ಅದುರುವಿಕೆಯನ್ನೂ ಅಳೆಯಬಹುದು. ಜರ್ಮನಿಯ ಡಿಐಎನ್ 4150 ಮಾನದಂಡದ ಪ್ರಕಾರ, 10 ಹರ್ಟ್ಸ್‌ಗಿಂತ ಕಡಿಮೆ ಆವರ್ತನದ ಅಲ್ಪಾವಧಿ ಕಂಪನದ ವೇಗ ವಾಸದ ಮನೆಯ ಪಾಯದಲ್ಲಿ ಸೆಕೆಂಡಿಗೆ 5 ಮಿ.ಮೀ. ದಾಟಬಾರದು. ಪಾರಂಪರಿಕ ಕಟ್ಟಡಕ್ಕೆ ಮಿತಿ 3 ಮಿ.ಮೀ. ಮಾತ್ರ.

• ಬೇಸ್‌ಮೆಂಟ್ ಅಗೆಯುವಾಗ ಪಂಪ್ ಹಚ್ಚಿ ನೀರು ಎತ್ತುತ್ತಾರಲ್ಲ, ಆಗ ಅಕ್ಕಪಕ್ಕದ ಅಂತರ್ಜಲವೂ ಇಳಿಯುತ್ತದೆ. ಮಣ್ಣು ಕುಗ್ಗಿ ನೆಲ ಕುಸಿಯಬಹುದು. ಒಂದೇ ಸಮನೆ ಕುಸಿದರೆ ಅಪಾಯ ಕಡಿಮೆ. ಒಂದು ಮೂಲೆ ಮಾತ್ರ ಕುಸಿದರೆ ಗಾರೆಯಿಲ್ಲದೆ ಜೋಡಿಸಿದ ಕಲ್ಲುಗಳ ಸಂದು ಬಾಯಿಬಿಡುತ್ತದೆ.

• ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅಗ್ಗದ ಸಾಧನವೊಂದಿದೆ: ಗಾಜಿನ ಪಟ್ಟಿ. ಬಿರುಕಿಗೆ ಅಡ್ಡಲಾಗಿ ಅದನ್ನಿಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತಿ, ಮೇಲೆ ದಿನಾಂಕ ಬರೆಯುತ್ತಾರೆ. ಗಾಜು ಒಡೆಯಿತೆಂದರೆ ಗೋಡೆ ಸರಿದಿದೆ ಎಂದೇ ಅರ್ಥ.

• ಕಾಯ್ದೆ ನಗರಕ್ಕಷ್ಟೇ ಅಲ್ಲ. ಖಾನಾಪುರ ತಾಲ್ಲೂಕಿನ ಹಲಸಿ ಕದಂಬರ ಕಾಲದ ಪಲಾಶಿಕಾ. ಅಲ್ಲಿನ ಭೂವರಾಹ ನರಸಿಂಹ ದೇವಾಲಯದಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ಇದೂ ಕೇಂದ್ರ ಸಂರಕ್ಷಿತ ಸ್ಮಾರಕ. ಹಳ್ಳಿಯ ಹೊಸ ಆರ್‌ಸಿಸಿ ಮನೆಗೂ ಅದೇ ಮೀಟರ್ ಲೆಕ್ಕ.

• ಗೋಡೆ ಬಿರುಕು ಬಿಡದಿದ್ದರೂ ಹಾನಿಯಾಗಬಹುದು. ಶಿಖರ ಮರೆಯಾಗುವುದು, ಮಳೆನೀರಿನ ಹಾದಿ ತಿರುಗಿ ಪಾಯದ ಕಡೆ ಹರಿಯುವುದು, ಬಾಗಿಲೆದುರೇ ವಾಹನ ನಿಲುಗಡೆ ಬರುವುದು, ಇವೆಲ್ಲವೂ ಪರಿಣಾಮದ ಪಟ್ಟಿಗೆ ಸೇರುತ್ತವೆ. ನಿಯಂತ್ರಿತ ಪ್ರದೇಶದ ದೊಡ್ಡ ಯೋಜನೆಗಳು ಸರ್ಕಾರದವೇ ಆದರೂ, ಅವುಗಳ ಪರಿಣಾಮ ಪರಿಶೀಲಿಸುವುದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಹೊಣೆ.

• ಕಟ್ಟಲು ಶುರುಮಾಡಿ ಆಮೇಲೆ ಯೋಚಿಸಿದರೆ ಏನಾಗುತ್ತದೆಂಬುದಕ್ಕೆ ಹಂಪಿಯೇ ಸಾಕ್ಷಿ. ಆನೆಗೊಂದಿ ಸೇತುವೆಯ ಕಾಮಗಾರಿ ವಿವಾದವಾಗಿ 1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿ ಸೇರಿತು, ಹೊರಬಂದದ್ದು 2006ರಲ್ಲಿ. ಸೇತುವೆ ಪೂರ್ಣಗೊಳ್ಳಲೇ ಇಲ್ಲ. 2009ರ ಜನವರಿಯಲ್ಲಿ ಕುಸಿದುಬಿತ್ತು.

ಕೋಟೆ ಸುತ್ತಮುತ್ತ, ಹಲಸಿಯಲ್ಲಿ ಜಾಗವಿದ್ದವರು ಗುದ್ದಲಿ ಪೂಜೆಗೆ ಮುಹೂರ್ತ ನೋಡುವ ಮುನ್ನ, ಈ ಕಾಯ್ದೆಯಡಿ ಅನುಮತಿ ನೀಡುವ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಿ. ಪಕ್ಕದ ಹಳೆ ಗೋಡೆಯ ಬಿರುಕುಗಳ ಫೋಟೊ ತೆಗೆದು ದಿನಾಂಕ ಗುರುತಿಸಿಡಿ. ಕಾಮಗಾರಿಗೆ ಮೊದಲಿನ ದಾಖಲೆ ಇಲ್ಲದಿದ್ದರೆ, ಮುಂದೆ ಬಿರುಕು ಹಳೆಯದೋ ಹೊಸದೋ ಎಂದು ಹೇಳಲು ಯಾರಿಂದಲೂ ಆಗದು.